ನೆಗೆಣ್ಣಿಯ ಹಾಲು ನನ್ನ ಕೂಸಿಗೆ ಕುಡಿಸಬಹುದಾ?

ಪ್ರಶ್ನೆ: ಡಾಕ್ಟರೇ, ನನ್ನ ಕೂಸಿಗೆ ಈಗ ಮೂರು ವಾರ. ನನಗೆ ಹಾಲು ಸಾಲುತ್ತಿಲ್ಲ ಅನಿಸುತ್ತದೆ. ನೆಗೆಣ್ಣಿಯೂ ಬಾಣಂತಿ, ಅವಳಿಗೆ ಹಾಲು ಜಾಸ್ತಿ. ‘ಮನೆಯವಳೇ ಅಲ್ವಾ, ಕುಡಿಸು’ ಅಂತಾರೆ ಅತ್ತೆ. ಏನು ಮಾಡಲಿ?
– ಓದುಗರೊಬ್ಬರು, ಗದಗ

ಉತ್ತರ: ತಂಗಿ, ಮೊದಲು ಕೂಸನ್ನು ತೂಕಕ್ಕೆ ಹಾಕಿಸು. ತೂಕ ಏರುತ್ತಿದ್ದು, ದಿನಕ್ಕೆ ಆರು ಸಲಕ್ಕಿಂತ ಜಾಸ್ತಿ ಉಚ್ಚೆ ಹೊಯ್ದರೆ ನಿನ್ನ ಹಾಲೇ ಸಾಕು. ಕೂಸು ಅತ್ತಿತು ಅಂದ ಕೂಡಲೇ ಹಾಲಿಲ್ಲ ಅಂತ ತೀರ್ಮಾನ ಮಾಡೋದು ನಮ್ಮ ಕಡೆ ಬಹಳ.

ಇನ್ನು ನೆಗೆಣ್ಣಿ ವಿಷಯ. ಮನೆಯವಳು ಅಂದಮಾತ್ರಕ್ಕೆ ರಕ್ತಪರೀಕ್ಷೆ ಆದ ಹಾಗಲ್ಲ. ಎಚ್‌ಐವಿ ಎದೆಹಾಲಿನಿಂದ ಕೂಸಿಗೆ ದಾಟಬಲ್ಲದು. ಅವಳು ನುಂಗುವ ಕೆಲವು ಮಾತ್ರೆಗಳ ಅಂಶವೂ ಹಾಲಿಗೆ ಬರುತ್ತದೆ. ತಾಯಿ ಕಾರ್ಡಿನಲ್ಲಿರುವುದು ಬಸುರಿದ್ದಾಗಿನ ರಿಪೋರ್ಟು, ಈಗಿನದಲ್ಲ. ದಾನ ಕೊಟ್ಟ ಎದೆಹಾಲು ಕೂಡಿಡುವ ಹಾಲಿನ ಬ್ಯಾಂಕಿನಲ್ಲಿ, ಹಾಲು ಕೊಡುವ ತಾಯಂದಿರಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆ ಮಾಡಿ, ರೋಗಾಣು ಸಾಯಲಿ ಅಂತ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಡುತ್ತಾರೆ. ಮನೆಯಲ್ಲಿ ಕುದಿಸಿದರೆ ಅದೇ ಆಯ್ತಲ್ಲ ಅನ್ನಬೇಡ. ಕುದಿಸಿದರೆ ಕೂಸನ್ನು ಕಾಯುವ ಅಂಶಗಳೇ ಹಾಳಾಗುತ್ತವೆ.

ಅತ್ತೆಯವರ ಜೊತೆ ಸುಮ್ನೆ ಜಗಳ ಬೇಡ. ಅವರನ್ನೂ ಕರಕೊಂಡು ಮಕ್ಕಳ ಡಾಕ್ಟರ ಹತ್ತಿರ ಹೋಗು. ಕೂಸು ಎದೆ ಹಿಡಿಯುವುದನ್ನು ಡಾಕ್ಟರು ನೋಡಲಿ.