ಬೆಳಕು ಬಿದ್ದರೆ ನಿಯಾನ್ ದೀಪದ ಕರೆಂಟು ಇಳಿಯುವುದೇಕೆ?

ಧಾರವಾಡದ ಕಾಲೇಜು ಲ್ಯಾಬೊಂದರಲ್ಲಿ ಉರಿಯುತ್ತಿದ್ದ ನಿಯಾನ್ ದೀಪಕ್ಕೆ ಇನ್ನೊಂದು ನಿಯಾನ್ ದೀಪದ ಬೆಳಕು ಬಿಟ್ಟಾಗ ಕರೆಂಟು ತುಸು ಇಳಿಯಿತು. ಆ ಬೆಳಕು ಅನಿಲದಲ್ಲಿ ಅಯಾನು (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು) ಹುಟ್ಟುವುದನ್ನೇ ಕಡಿಮೆ ಮಾಡಿತು.

ನಿಯಾನ್ ಪರಮಾಣುವಿನಿಂದ ಎಲೆಕ್ಟ್ರಾನ್ ಕೀಳಲು 21.6 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ಬೇಕು. ಕೆಲವು ಪರಮಾಣುಗಳು 16.6ರ ಶಕ್ತಿಯ ಮೆಟ್ಟಿಲಲ್ಲಿ ಬಹಳ ಹೊತ್ತು ಸಿಕ್ಕಿಕೊಂಡಿರುತ್ತವೆ. ಇವಕ್ಕೆ ಇನ್ನು 5 ಸಾಕು, ಕರೆಂಟಿಗೆ ಇವೇ ದೊಡ್ಡ ಆಸರೆ. ನಿಯಾನಿನದೇ ಕೆಂಪು ಬೆಳಕು ಇವನ್ನು ಮೇಲಕ್ಕೆತ್ತುತ್ತದೆ. ಅಲ್ಲಿಂದ ಹಲವು ತಳಕ್ಕೇ ಜಾರುತ್ತವೆ, ಆಗ ಅಯಾನಾಗಲು ಮತ್ತೆ ಪೂರ್ತಿ 21.6 ಬೇಕು. 1928ರಲ್ಲಿ ಡಚ್ ಭೌತವಿಜ್ಞಾನಿ ಪೆನ್ನಿಂಗ್ ಕಂಡದ್ದು ಇದನ್ನೇ.

ಕರೆಂಟಿನ ಬದಲಾವಣೆ ತೀರ ಸಣ್ಣದು. ಅದನ್ನು ಅಳೆಯಲು ದೀಪಕ್ಕೆ ಸ್ಥಿರವಾದ ಡಿ.ಸಿ. ಕೊಡಿ, ರಂಧ್ರವಿರುವ ಚಕ್ರ ತಿರುಗಿಸಿ ಬೆಳಕನ್ನು ತುಂಡರಿಸಿ, ದೀಪದ ಸರಣಿಯಲ್ಲಿರುವ ರೆಸಿಸ್ಟರಿನ ಮೇಲಿನ ಏರಿಳಿತವನ್ನು ಕೆಪಾಸಿಟರ್ ಮೂಲಕ ಅಳೆಯಿರಿ. ನಿಯಾನ್ ಬೆಳಕಿನ ಬದಲು ಹಸಿರು ಎಲ್‌ಇಡಿ ಬೆಳಕು ಬಿಟ್ಟಾಗಲೂ ಅಷ್ಟೇ ಸಿಗ್ನಲ್ ಬಂದರೆ ಅದು ಅನಿಲದ್ದಲ್ಲ. ಬೆಳಕು ಎಲೆಕ್ಟ್ರೋಡಿಗೆ ಬಡಿದು ಎಲೆಕ್ಟ್ರಾನ್ ಕೀಳುತ್ತಿರಬಹುದು.