ಅವನು ‘ಗ್ಲಾದ್’ ಅಂದ, ನಾನು ಬಾತ್‌ರೂಮಿಗೆ ಹೋಗಿ ಅತ್ತೆ

ಪ್ರಶ್ನೆ: ನನಗೆ 31 ವರ್ಷ. ಊರು ದಾವಣಗೆರೆ. ಮೂರು ವರ್ಷದಿಂದ ಡೆನ್ಮಾರ್ಕಿನ ಓರ್ಹುಸ್‌ನಲ್ಲಿ ಎಂಜಿನಿಯರ್ ಆಗಿದ್ದೇನೆ. ಒಂದೂವರೆ ವರ್ಷದಿಂದ ಒಬ್ಬ ಡೇನಿಷ್ ಹುಡುಗನ ಜೊತೆ ಒಂದೇ ಮನೆಯಲ್ಲಿ ಇದ್ದೇನೆ. ಅವನು ಪಶ್ಚಿಮ ಜಟ್ಲೆಂಡಿನ ಹಳ್ಳಿ ಕಡೆಯವನು. ಮನೆಯಲ್ಲಿ ನಮ್ಮಿಬ್ಬರದೂ ಇಂಗ್ಲಿಷ್. ಅವನಿಗಾಗಿ ಕಷ್ಟಪಟ್ಟು ಡೇನಿಷ್ ಕಲಿಯುತ್ತಿದ್ದೇನೆ. ಹೋದ ತಿಂಗಳು ಧೈರ್ಯ ಮಾಡಿ, ಮೊದಲ ಸಲ ಅವನ ಭಾಷೆಯಲ್ಲೇ ‘ಯಾಯ್ ಎಲ್ಸ್ಕರ್ ಡಾಯ್’ ಅಂದೆ, ನಿನ್ನನ್ನು ಪ್ರೀತಿಸುತ್ತೇನೆ ಅಂತ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ‘ಯಾಯ್ ಎರ್ ಓಸೊ ಗ್ಲಾದ್ ಫೊ ಡಾಯ್’ ಅಂದ. ಮೊಬೈಲಿಗೆ ಹಾಕಿ ನೋಡಿದರೆ ‘ನನಗೂ ನಿನ್ನ ಬಗ್ಗೆ ಸಂತೋಷವಾಗಿದೆ’ ಅಂತ ಬಂತು. ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ. ಇಂಗ್ಲಿಷ್‌ನಲ್ಲಿ ಮಾತ್ರ ದಿನಾ ‘ಲವ್ ಯೂ’ ಅನ್ನುತ್ತಾನೆ. ಊಟ ಮಾಡಿದ ಮೇಲೆ ನೆಂಟರ ಮನೆಗೆ ಬಂದವನ ಹಾಗೆ ಥ್ಯಾಂಕ್ಸ್ ಹೇಳುತ್ತಾನೆ. ಕೆಲಸ ಹೇಳುವಾಗ ಪ್ಲೀಸ್ ಅನ್ನುವುದೇ ಇಲ್ಲ. ಜುಲೈನಲ್ಲಿ ಅವನ ತಾಯಿಯ 60ನೇ ಹುಟ್ಟುಹಬ್ಬಕ್ಕೆ ಕರೆದಿದ್ದಾನೆ. ಇತ್ತ ಅಮ್ಮ ಫೋನ್ ಮಾಡಿದಾಗೆಲ್ಲ ‘ಮದುವೆ ಯಾವಾಗ’ ಅನ್ನುತ್ತಾಳೆ. ಅವನಿಗೆ ನನ್ನ ಮೇಲೆ ಪ್ರೀತಿ ಇದೆಯೋ, ಸುಮ್ನೆ ಕಾಲ ಕಳೆಯುತ್ತಿದ್ದಾನೋ?

ಉತ್ತರ: ಮೊದಲು ಆ ಮೊಬೈಲ್ ಪಕ್ಕಕ್ಕಿಡಿ. ನಾನು ಕೋಪನ್‌ಹೇಗನ್‌ನಲ್ಲಿ ಒಂಬತ್ತು ವರ್ಷ ಸಂಸಾರ ಮಾಡಿ ಬಂದವಳು. ಆ ‘ಗ್ಲಾದ್’ನ ‘ದ’ ಹೇಳಲು ನಾಲಿಗೆ ತುದಿಯನ್ನು ಕೆಳಗಿನ ಹಲ್ಲಿಗೆ ಒತ್ತಿಕೊಂಡು ನಾನೂ ತಿಂಗಳುಗಟ್ಟಲೆ ಒದ್ದಾಡಿದ್ದೇನೆ. ಕೊನೆಗೂ ಅದು ‘ಲ’ ಥರಾನೇ ಬರುತ್ತಿತ್ತು. ಅಲ್ಲಿಯವರು ಹೊಸಬರ ಕೈಯಲ್ಲಿ ‘ರೋದ್‌ಗ್ರೋದ್ ಮೆ ಫ್ಲೋದೆ’ ಅಂತ ಹೇಳಿಸಿ ನಗುತ್ತಾರೆ. ಕೆನೆ ಹಾಕಿದ ಕೆಂಪು ಹಣ್ಣಿನ ಗಂಜಿ, ಅಷ್ಟೇ ಅದು. ನಮ್ಮಲ್ಲಿ ಹೊರಗಿನವರಿಗೆ ‘ಬಾಳೆಹಣ್ಣು’ ಹೇಳಿಸಿ ಮಜಾ ತೆಗೆದುಕೊಳ್ಳುವ ಹಾಗೆ.

ಈಗ ವಿಷಯಕ್ಕೆ ಬರುತ್ತೇನೆ. ‘ಗ್ಲಾದ್’ ಒಂದೇ ಇದ್ದರೆ ಅದು ಸಂತೋಷ. ‘ಗ್ಲಾದ್ ಫೊ ಡಾಯ್’ ಅಂದರೆ ಬೇರೆ. ‘ನೀನಂದ್ರೆ ನನಗೆ ಇಷ್ಟ, ನೀನು ಇರೋದು ನನಗೆ ಬೇಕು’ ಅನ್ನುವುದಕ್ಕೆ ಹತ್ತಿರ. ಸಂಗಾತಿಗಳು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತೇ. ಮೊಬೈಲ್ ನಿಮಗೆ ಕೊಟ್ಟ ಅರ್ಥ ತಪ್ಪು.

ಹಾಗಂತ ನಿಮ್ಮ ಅಳು ಪೂರ್ತಿ ತಪ್ಪು ತಿಳಿವಳಿಕೆ ಅಂತಲೂ ನಾನು ಹೇಳುವುದಿಲ್ಲ. ಡೇನಿಷ್‌ನಲ್ಲಿ ಇಷ್ಟಕ್ಕೆ ಮೆಟ್ಟಿಲುಗಳಿವೆ. ‘ಯಾಯ್ ಕ ಗೊಟ್ ಲೀ ಡಾಯ್’ ಅನ್ನುವುದು ಶುರುವಿನ ದಿನಗಳ ಮಾತು, ನೀನು ನನಗೆ ಹಿಡಿಸುತ್ತೀಯ ಅಂತ. ಅದಕ್ಕಿಂತ ಗಟ್ಟಿ ‘ಗ್ಲಾದ್ ಫೊ ಡಾಯ್’. ‘ಯಾಯ್ ಹೊಲರ್ ಏ ಡಾಯ್’ ಅನ್ನುವುದನ್ನು ಅಜ್ಜಿಗೂ ಹೇಳಬಹುದು, ಹೆಂಡತಿಗೂ ಹೇಳಬಹುದು. ತುದಿಯಲ್ಲಿ ಇರುವುದು ನೀವು ಹೇಳಿದ ‘ಎಲ್ಸ್ಕರ್’. ಈಚೆಗೆ ಹುಡುಗರು ಐಸ್‌ಕ್ರೀಮಿಗೂ ಅದನ್ನೇ ಅನ್ನುತ್ತಾರೆ, ಆ ಮಾತು ಬೇರೆ. ಎದುರಿಗಿರುವ ಮನುಷ್ಯರಿಗೆ ಹೇಳುವಾಗ ಅದಕ್ಕೆ ಇನ್ನೂ ತೂಕವಿದೆ. ಅಂದರೆ ನೀವು ಮೇಲಿನ ಮೆಟ್ಟಿಲಲ್ಲಿ ನಿಂತು ಕರೆದಿರಿ, ಅವನು ಒಂದೆರಡು ಮೆಟ್ಟಿಲು ಕೆಳಗಿನಿಂದ ಓ ಅಂದ. ಡೇನಿಷ್ ಹುಡುಗಿಯೇ ಆಗಿದ್ದರೂ ಆ ವ್ಯತ್ಯಾಸ ಅವಳ ಕಿವಿಗೆ ಬೀಳುತ್ತಿತ್ತು.

ಯಾಕೆ ಹಾಗಂದ? ಇಲ್ಲೇ ನಿಮ್ಮ ಪತ್ರದಲ್ಲಿ ಇನ್ನೊಂದು ಸಾಲಿದೆ. ನೀವು ಅದನ್ನು ದೂರಿನ ಹಾಗೆ ಬರೆದಿದ್ದೀರಿ: ‘ಇಂಗ್ಲಿಷ್‌ನಲ್ಲಿ ಮಾತ್ರ ದಿನಾ ಲವ್ ಯೂ ಅನ್ನುತ್ತಾನೆ.’ ಸರಿ, ನೀವು ಯಾವ ಭಾಷೆಯಲ್ಲಿ ಅನ್ನುತ್ತೀರಿ? ಅದೇ ಇಂಗ್ಲಿಷ್ ಅಲ್ವಾ? ನಾಳೆ ಬೆಳಿಗ್ಗೆ ಕಾಫಿ ಕುಡಿಯುತ್ತಾ, ಅವನ ಕಣ್ಣು ನೋಡಿ, ಕನ್ನಡದಲ್ಲಿ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಅಂತ ಹೇಳಿ ನೋಡಿ. ಅವನಿಗೆ ಅರ್ಥವಾಗದಿದ್ದರೂ ನಿಮ್ಮ ಮುಖ ಕೆಂಪಾಗುತ್ತದೆ. ನಾಟಕದ ಡೈಲಾಗ್ ಹೊಡೆದ ಹಾಗೆ ಅನಿಸುತ್ತದೆ. ನಿಮ್ಮಪ್ಪ ನಿಮ್ಮಮ್ಮನಿಗೆ ಈ ಮಾತು ಹೇಳಿದ್ದನ್ನು ನೀವು ಯಾವತ್ತಾದರೂ ಕೇಳಿದ್ದೀರಾ? ನಾನಂತೂ ನಮ್ಮ ಮನೆಯಲ್ಲಿ ಕೇಳಿಲ್ಲ. ಅಪ್ಪ ಊರಿಂದ ಬಂದ ತಕ್ಷಣ ‘ಊಟ ಮಾಡ್ದ್ಯಾ?’ ಅಂತ ಕೇಳುತ್ತಿದ್ದರು. ಅಮ್ಮನಿಗೆ ಅಷ್ಟು ಸಾಕಿತ್ತು.

ಆಮೇಲೆ ಕಲಿತ ಭಾಷೆಯಲ್ಲಿ ಪ್ರೀತಿಯ ಮಾತು ಹಗುರ, ಬೈಗುಳವೂ ಹಗುರ. ಬಾಯಿಂದ ಸಲೀಸಾಗಿ ಬರುತ್ತದೆ. ಎಳೆಯದರಲ್ಲಿ ಅಮ್ಮನಿಂದ ಕೇಳಿದ ಭಾಷೆಯಲ್ಲಿ ಹಾಗಲ್ಲ, ಒಂದೊಂದು ಮಾತಿಗೂ ಭಾರ ಇರುತ್ತದೆ. ಒಂದೂವರೆ ವರ್ಷ ನೀವಿಬ್ಬರೂ ಇಬ್ಬರದೂ ಅಲ್ಲದ ಭಾಷೆಯಲ್ಲಿ ಸುಖವಾಗಿ ‘ಲವ್ ಯೂ’ ಅಂದುಕೊಂಡು ಇದ್ದಿರಿ. ಒಂದು ರಾತ್ರಿ ನೀವು ಏನೂ ಹೇಳದೆ ಅವನ ಮನೆಯ ದೇವರ ಕೋಣೆಗೇ ಕಾಲಿಟ್ಟಿರಿ. ಅವನು ಗಾಬರಿಯಾಗಿದ್ದರೆ ನನಗೆ ಆಶ್ಚರ್ಯವಿಲ್ಲ.

ಅದರ ಮೇಲೆ ಪಶ್ಚಿಮ ಜಟ್ಲೆಂಡಿನವನು ಬೇರೆ! ಆ ಕಡೆಯವರು ಮಾತು ಅಳೆದು ಆಡುತ್ತಾರೆ ಅಂತ ಡೆನ್ಮಾರ್ಕಿನಲ್ಲೆಲ್ಲ ಹೆಸರುವಾಸಿ. ತುಂಬಾ ಹಿಡಿಸಿದ್ದನ್ನು ‘ಇಕ್ಕೆ ಸೊ ರಿಂಗೆ ಎಂಡಾ’ ಅನ್ನುತ್ತಾರೆ, ‘ಅಷ್ಟೇನೂ ಕೆಟ್ಟದಾಗಿಲ್ಲ’ ಅಂತ. ನಮ್ಮ ತಾತ ಹೋಳಿಗೆ ಮೂರನೇ ಸಲ ಹಾಕಿಸಿಕೊಳ್ಳುತ್ತಾ ‘ಪರವಾಗಿಲ್ಲ’ ಅನ್ನುತ್ತಿದ್ದರು. ಅದೇ ಜಾತಿ.

ಇದು ಒಂದು ಕಾರಣ. ಇನ್ನೊಂದು ಕಾರಣವೂ ಇರಬಹುದು. ಅವನು ನಿಜವಾಗಿಯೂ ಇನ್ನೂ ಕೆಳಗಿನ ಮೆಟ್ಟಿಲಲ್ಲೇ ಇರಬಹುದು, ಇಂಗ್ಲಿಷ್‌ನ ‘ಲವ್ ಯೂ’ ಅವನಿಗೆ ಬರೀ ‘ಬೈ’ ಇದ್ದ ಹಾಗೆ ಇರಬಹುದು. ಎರಡರಲ್ಲಿ ಯಾವುದು ಅಂತ ದಾವಣಗೆರೆ ಅಮ್ಮನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಮೊಬೈಲಿಗಂತೂ ಮೊದಲೇ ಗೊತ್ತಿಲ್ಲ. ಗೊತ್ತಿರುವವನು ನಿಮ್ಮ ಪಕ್ಕದಲ್ಲೇ ಮಲಗುತ್ತಾನೆ. ಒಂದು ತಿಂಗಳಾದರೂ ನೀವು ಅವನನ್ನು ಬಿಟ್ಟು ಎಲ್ಲರನ್ನೂ ಕೇಳಿದ್ದೀರಿ.

ಡೇನಿಷ್‌ನಲ್ಲಿ ‘ಪ್ಯುಟ್’ ಅಂತ ಒಂದು ಪುಟ್ಟ ಪದವಿದೆ. ‘ಹೋಗ್ಲಿ ಬಿಡು’ ಅಂತ. 2018ರಲ್ಲಿ ಅಲ್ಲಿನ ಗ್ರಂಥಾಲಯ ಸಂಘದವರು ಜನರ ಮೆಚ್ಚಿನ ಪದ ಯಾವುದು ಅಂತ ಕೇಳಿದಾಗ ಅದೇ ಗೆದ್ದಿತ್ತು. ಹಾಲು ಚೆಲ್ಲಿದರೆ ಪ್ಯುಟ್, ಬಸ್ಸು ತಪ್ಪಿದರೆ ಪ್ಯುಟ್. ಒಳ್ಳೆಯ ಪದ. ಆದರೆ ಈ ವಿಷಯಕ್ಕೆ ಮಾತ್ರ ಪ್ಯುಟ್ ಅನ್ನಬೇಡಿ. ಕೂತು ಮಾತಾಡಿ. ಇಬ್ಬರೂ ಸುಸ್ತಾಗಿರದ ಹೊತ್ತು ನೋಡಿ, ಭಾನುವಾರ ಬೆಳಿಗ್ಗೆ ಅನ್ನಿ. ಶುರು ಡೇನಿಷ್‌ನಲ್ಲಿ ಮಾಡಿ: ‘ಯಾಯ್ ಬ್ಲೇ ಕೇದ್ ಅ ಡೆ.’ ನನಗೆ ಬೇಜಾರಾಯಿತು ಅಂತ. ಐದೇ ತುಣುಕು, ಜಗಳ ಇಲ್ಲ, ದೂರು ಇಲ್ಲ. ಆಮೇಲೆ ‘ವಾ ಮೇನರ್ ಡು?’, ಅಂದರೆ ನೀನು ಹೇಳಿದ್ದಕ್ಕೆ ಏನರ್ಥ. ಅಲ್ಲಿಂದ ಮುಂದಕ್ಕೆ ಇಂಗ್ಲಿಷ್‌ಗೆ ಬಂದರೂ ಪರವಾಗಿಲ್ಲ. ಕನ್ನಡದಲ್ಲಿ ಆ ಮಾತು ನಿಮ್ಮ ಬಾಯಿಗೂ ಬರುವುದಿಲ್ಲ ಅನ್ನುವುದನ್ನು ಅವನಿಗೆ ಹೇಳಿ. ಇದನ್ನು ಕೇಳಿದರೆ ಅವನು ಅರ್ಧ ಹಗುರವಾಗುತ್ತಾನೆ ಅಂತ ನನ್ನ ಅಂದಾಜು.

ಅವನು ತಕ್ಷಣ ‘ಎಲ್ಸ್ಕರ್’ ಅಂತ ಹೇಳಬೇಕು ಅಂತ ಹಟ ಹಿಡಿಯಬೇಡಿ. ಕೇಳಿ ಪಡೆದ ‘ಎಲ್ಸ್ಕರ್’ ನಿಮಗೇ ರುಚಿಸುವುದಿಲ್ಲ. ಆದರೆ ‘ಮುಂದೆ ಒಟ್ಟಿಗೆ ಇರೋಣ ಅಂತ ನಿನ್ನ ಮನಸ್ಸಲ್ಲಿ ಇದೆಯಾ’ ಅನ್ನುವ ಪ್ರಶ್ನೆಗೆ ಇಂಗ್ಲಿಷ್‌ನಲ್ಲಾದರೂ ನೇರ ಉತ್ತರ ಬರಬೇಕು. ಅಲ್ಲಿ ಭಾಷೆಯ ನೆಪ ನಡೆಯುವುದಿಲ್ಲ. ‘ಗೊತ್ತಿಲ್ಲ, ಸಮಯ ಬೇಕು’ ಅಂದರೆ ಎಷ್ಟು ಸಮಯ ಅಂತ ಕೇಳುವ ಹಕ್ಕು ನಿಮಗಿದೆ.

ಇನ್ನು ಥ್ಯಾಂಕ್ಸ್ ವಿಚಾರ. ಇದರಲ್ಲಿ ನಾನು ಅವನ ಕಡೆ. ಊಟ ಮುಗಿಸಿ ‘ಟಕ್ ಫೊ ಮಾದ್’ ಅನ್ನುವುದು ಅಲ್ಲಿ ಮಕ್ಕಳಿಗೆ ಮಾತು ಬಂದಾಗಿನಿಂದ ಕಲಿಸುವ ಪಾಠ. ಊಟಕ್ಕೆ ಥ್ಯಾಂಕ್ಸ್ ಅಂತ. ಗಂಡ ಹೆಂಡತಿಗೆ, ಮಗ ಅಪ್ಪನಿಗೆ, ಅಡುಗೆ ಮಾಡಿದವರು ಯಾರೋ ಅವರಿಗೆ, ದಿನಾ. ಅದಕ್ಕೆ ‘ವೆಲ್ಬೆಕೊಮ್ಮೆ’ ಅಂದರೆ ಮುಗಿಯಿತು. ನಮ್ಮಲ್ಲಿ ಮನೆಯವರಿಗೆ ಥ್ಯಾಂಕ್ಸ್ ಹೇಳಿದರೆ ದೂರದವರ ಹಾಗೆ ಕಾಣುತ್ತದೆ, ಒಪ್ಪಿದೆ. ಅಲ್ಲಿ ಹೇಳದಿದ್ದರೆ ದೂರದವರು. ನಿಜ ಹೇಳಬೇಕೆಂದರೆ, ನಲವತ್ತು ವರ್ಷ ದಿನಾ ಎರಡು ಹೊತ್ತು ಬೇಯಿಸಿದ ನಮ್ಮಮ್ಮನಿಗೆ ಯಾರೂ ಒಂದು ‘ಟಕ್’ ಅನ್ನಲಿಲ್ಲವಲ್ಲ ಅಂತ ನನಗೆ ಹೊಟ್ಟೆ ಉರಿದದ್ದು ಆ ದೇಶಕ್ಕೆ ಹೋದ ಮೇಲೆ. ಅವನು ಅಡುಗೆ ಮಾಡಿದ ದಿನ ನೀವೂ ಹೇಳಿ. ನೀವು ಇಷ್ಟು ದಿನ ಹೇಳದೆ ಎದ್ದು ಹೋಗಿದ್ದರೆ ಅವನಿಗೂ ಒಳಗೊಳಗೇ ಬೇಜಾರಾಗಿರಬಹುದು, ಯಾರಿಗೆ ಗೊತ್ತು.

ಪ್ಲೀಸ್ ಕಥೆ ಇನ್ನೂ ಸುಲಭ. ಡೇನಿಷ್‌ನಲ್ಲಿ ಪ್ಲೀಸ್‌ಗೆ ಸಮನಾದ ಒಂದೇ ಪದ ಇಲ್ಲ. ಅವನು ‘ಗೀದರ್ ಡು ಲೀ ಲುಕ್ಕೆ ಡೋರನ್’ ಅಂತ ಹೇಳಿರುತ್ತಾನೆ. ಆ ‘ಲೀ’ ಅನ್ನುವ ಪುಟ್ಟ ಪದದಲ್ಲೇ ಅವನ ಪ್ಲೀಸ್ ಇದೆ. ನಮ್ಮ ‘ಸ್ವಲ್ಪ ಬಾಗಿಲು ಹಾಕ್ತೀಯಾ’ದಲ್ಲಿ ಇರುವ ‘ಸ್ವಲ್ಪ’ವೇ ಅದು. ಬಾಗಿಲನ್ನು ಅರ್ಧ ಮಾತ್ರ ಹಾಕು ಅಂತ ಅಲ್ಲವಲ್ಲ! ನಾವು ಮಾತ್ರ ಮನೆಯಲ್ಲಿ ‘ದಯವಿಟ್ಟು’ ಅನ್ನುತ್ತೇವಾ? ಅದು ಬಸ್ಸಿನಲ್ಲಿ ಚಿಲ್ಲರೆ ಕೇಳುವ ಬೋರ್ಡಿನ ಮಾತು. ಹಾಗೆಯೇ ಅವರು ಮಾತಿನ ನಡುವೆ ತೂರಿಸುವ ‘ಯೋ’ ಇದೆಯಲ್ಲ, ಅದು ನಮ್ಮ ‘ತಾನೆ’. ‘ನಿನಗೆ ಗೊತ್ತು ತಾನೆ’ ಅಂತ. ಇಂಗ್ಲಿಷ್ ದಾರಿಯಲ್ಲಿ ಹೋದರೆ ಈ ಸಣ್ಣ ಪದಗಳು ಕೈಗೆ ಸಿಗುವುದೇ ಇಲ್ಲ. ಕನ್ನಡದಿಂದ ನೇರ ಡೇನಿಷ್‌ಗೆ ಹಾರಿ. ಹತ್ತಿರವಿದೆ.

ಮನೆಯಲ್ಲಿ ಪೂರ್ತಿ ಡೇನಿಷ್‌ಗೆ ಬದಲಾಯಿಸಲು ಹೋಗಬೇಡಿ, ಮೂರೇ ದಿನಕ್ಕೆ ಇಬ್ಬರಿಗೂ ಸಾಕಾಗುತ್ತದೆ. ಕೆಲಸ ಮುಗಿಸಿ ಬಂದ ಮನುಷ್ಯನಿಗೆ ಮೇಷ್ಟ್ರಾಗುವುದು ಬೇಕಿರುವುದಿಲ್ಲ. ರಾತ್ರಿ ಊಟದ ಹೊತ್ತು ಮಾತ್ರ ಡೇನಿಷ್ ಅಂತ ಇಟ್ಟುಕೊಳ್ಳಿ. ಮಲಗುವಾಗ ‘ಸೌ ಗೊಟ್’, ಚೆನ್ನಾಗಿ ನಿದ್ದೆ ಮಾಡು. ಅವನು ಊರಲ್ಲಿಲ್ಲದ ದಿನ ‘ಯಾಯ್ ಸೌನರ್ ಡಾಯ್’ ಅಂತ ಒಂದು ಮೆಸೇಜ್, ನೀನಿಲ್ಲದೆ ಬೇಜಾರು ಅಂತ. ‘ಸ್ಕಟ್’ ಅಂತ ಕರೆದರೆ ಗಾಬರಿ ಬೇಡ. ಅದಕ್ಕೆ ನಿಧಿ, ಬಂಗಾರ ಅಂತಲೂ ಅರ್ಥ, ತೆರಿಗೆ ಅಂತಲೂ ಅರ್ಥ. ಅಲ್ಲಿನ ತೆರಿಗೆ ನೋಡಿದವರಿಗೆ ಈ ಜೋಡಣೆ ಬೇಗ ಅರ್ಥವಾಗುತ್ತದೆ. ಮತ್ತೆ, ಅವನಿಗೆ ನೀವೂ ಒಂದಿಷ್ಟು ಕನ್ನಡ ಕಲಿಸಿ. ನಿಮ್ಮ ಪತ್ರದಲ್ಲಿ ಕಲಿಯುವ ಕಷ್ಟವೆಲ್ಲ ನಿಮ್ಮೊಬ್ಬರದೇ ಇದೆ, ಅದು ನನಗೆ ಹಿಡಿಸಲಿಲ್ಲ. ‘ಊಟ ಆಯ್ತಾ’ ಅನ್ನುವುದರೊಳಗೆ ಏನಿದೆ ಅಂತ ಅವನಿಗೂ ಗೊತ್ತಾಗಲಿ.

ಅಮ್ಮನಿಗೆ ಏನು ಹೇಳುವುದು? ಅಲ್ಲಿ ಮದುವೆಯಾಗದೆ ಒಟ್ಟಿಗೆ ಬಾಳುವುದು ತೀರಾ ಮಾಮೂಲು. ಹುಟ್ಟುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳ ಅಪ್ಪ ಅಮ್ಮನಿಗೆ ಮದುವೆ ಆಗಿರುವುದಿಲ್ಲ. ‘ಕೇರಸ್ಟೆ’ ಅನ್ನುವ ಪದವನ್ನು ಹದಿನೇಳರ ಹುಡುಗನೂ ತನ್ನ ಹುಡುಗಿಗೆ ಬಳಸುತ್ತಾನೆ, ಎಪ್ಪತ್ತರ ಮುದುಕನೂ ಜೊತೆಗಾತಿಗೆ ಬಳಸುತ್ತಾನೆ. ಅತ್ಯಂತ ಪ್ರೀತಿಯವಳು ಅಂತ ಅದರ ಅರ್ಥ. ಅವನು ನಿಮ್ಮನ್ನು ನಾಲ್ಕು ಜನರ ಮುಂದೆ ಹಾಗೆ ಪರಿಚಯಿಸಿದರೆ ಅದು ಹಗುರದ ಮಾತಲ್ಲ. (ಮದುವೆಯಾದವರಿಗೆ ಡೇನಿಷ್‌ನಲ್ಲಿ ‘ಗಿಫ್ಟ್’ ಅನ್ನುತ್ತಾರೆ. ವಿಷಕ್ಕೂ ಅದೇ ಪದ. ಇದನ್ನು ಅಮ್ಮನಿಗೆ ಹೇಳಬೇಡಿ.) ಆದರೆ ಅಲ್ಲಿಯ ರೂಢಿ ಹೀಗೆ ಅಂತ ನಿಮ್ಮ ಆಸೆಯನ್ನು ಮಡಚಿಡಬೇಕಿಲ್ಲ. ಮದುವೆ ನಿಮಗೆ ಬೇಕೋ, ಅಮ್ಮನಿಗೆ ಮಾತ್ರ ಬೇಕೋ, ಅದನ್ನು ಮೊದಲು ನೋಡಿಕೊಳ್ಳಿ. ನಿಮಗೂ ಬೇಕು ಅನಿಸಿದರೆ ಆ ಭಾನುವಾರದ ಮಾತಿನಲ್ಲಿ ಅದೂ ಬರಲಿ. ಅಲ್ಲಿಯವರೆಗೆ ಅಮ್ಮನಿಗೆ ‘ಇನ್ನೂ ಮಾತಾಡಿಲ್ಲಮ್ಮ, ಮಾತಾಡಿ ಹೇಳ್ತೀನಿ’ ಅಂದರೆ ಸಾಕು. ಅದು ನಿಜವೂ ಹೌದು.

ಹುಟ್ಟುಹಬ್ಬಕ್ಕೆ ಹೋಗಿ. ಆ ಭಾನುವಾರದ ಮಾತು ಮುಗಿಸಿಕೊಂಡು ಹೋಗಿ. 60 ಅಂದರೆ ಅಲ್ಲಿ ದೊಡ್ಡ ಹಬ್ಬ, ಕೆಂಪು-ಬಿಳಿ ಬಾವುಟಗಳು, ಉದ್ದದ ಮೇಜು, ನೆಂಟರು ತಾವೇ ಬರೆದು ತಂದ ಹಾಡು. ಅಲ್ಲಿ ನಿಮಗೆ ಒಂದು ಅನುಕೂಲ ಇದೆ. ಇಂಗ್ಲಿಷ್‌ನಲ್ಲಿ ಎಲ್ಲರೂ ಆಂಟಿ. ಡೇನಿಷ್‌ನಲ್ಲಿ ಅಮ್ಮನ ತಂಗಿ ‘ಮೋಸ್ಟರ್’, ಅಪ್ಪನ ತಂಗಿ ‘ಫಾಸ್ಟರ್’. ಚಿಕ್ಕಮ್ಮ, ಅತ್ತೆ ಅಂತ ಬೇರೆ ಬೇರೆ ಕರೆದು ಬೆಳೆದವರಿಗೆ ಇದು ಒಂದು ನಿಮಿಷದ ಪಾಠ. ಯಾರು ಮೋಸ್ಟರ್, ಯಾರು ಫಾಸ್ಟರ್ ಅಂತ ಕಾರಿನಲ್ಲಿ ಹೋಗುವಾಗಲೇ ಅವನಿಂದ ಕೇಳಿಟ್ಟುಕೊಳ್ಳಿ. ಅವನ ತಾಯಿಯನ್ನು ಹೆಸರು ಹಿಡಿದೇ ಕರೆಯಬೇಕು, ಏಕವಚನದಲ್ಲಿ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ನನಗೆ ಎರಡು ವರ್ಷ ಸಿಕ್ಕಿಕೊಂಡಿತ್ತು.

ಊಟ ಮುಗಿದ ಮೇಲೆ ಆಕೆಗೆ ‘ಟಕ್ ಫೊ ಮಾದ್’ ಹೇಳಿ. ಮತ್ತೆ ಬಡಿಸಲು ಬಂದರೆ ‘ಯಾಯ್ ಎರ್ ಮೆಟ್’ ಅನ್ನಿ, ಹೊಟ್ಟೆ ತುಂಬಿತು ಅಂತ. ಇಂಗ್ಲಿಷ್ ನೆನಪಿಟ್ಟುಕೊಂಡು ‘ಫುಲ್’ ಅನ್ನಬೇಡಿ. ಮೊದಲ ವರ್ಷ ಪಕ್ಕದ ಮನೆಯಲ್ಲಿ, ಹನ್ನೆರಡು ಜನರ ಎದುರು, ಆಲೂಗಡ್ಡೆ ತಟ್ಟೆ ಪಕ್ಕಕ್ಕೆ ತಳ್ಳಿ ನಾನು ಹಾಗೇ ಅಂದಿದ್ದೆ. ನಾನು ಕುಡಿದದ್ದು ಬರೀ ನೀರು. ಡೇನಿಷ್‌ನಲ್ಲಿ ‘ಫುಲ್’ ಅಂದರೆ ಕುಡಿದು ಟೈಟ್ ಆಗಿದ್ದೇನೆ ಅಂತ.