ಹೊಸಬರ ಕೈಗೆ ಯಾವ ತಂಡ? ಹೀರೋಕ್ಲಿಕ್ಸ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಅಮೆರಿಕದಿಂದ ಮರಳಿದ ಸೋದರಮಾವ ತಮ್ಮ ಹೀರೋಕ್ಲಿಕ್ಸ್ ಗೊಂಬೆಗಳ ಸಂಗ್ರಹವನ್ನೆಲ್ಲ ನನಗೆ ಕೊಟ್ಟಿದ್ದಾರೆ. ಆಟವನ್ನೂ ಅವರೇ ಕಲಿಸಿದರು. ಈಗ ಅಕ್ಕನ ಮಕ್ಕಳಿಗೂ ಕಚೇರಿಯ ಗೆಳೆಯರಿಗೂ ಕಲಿಸಬೇಕೆಂದಿದ್ದೇನೆ. ಒಳ್ಳೊಳ್ಳೆಯ ಗೊಂಬೆಗಳನ್ನೇ ಆರಿಸಿ ಕೊಟ್ಟರೂ ಎರಡನೆಯ ಸರದಿಯ ಹೊತ್ತಿಗೆ ಅವರು ಗೊಂದಲಕ್ಕೆ ಬೀಳುತ್ತಾರೆ. ಹೊಸಬರಿಗೆ ತಂಡವನ್ನು ಹೇಗೆ ಕಟ್ಟಬೇಕು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ತೊಡಕಿರುವುದು ನೀವು ಆರಿಸಿದ ಆ ಒಳ್ಳೊಳ್ಳೆಯ ಗೊಂಬೆಗಳಲ್ಲೇ. ಆಟವನ್ನು ನೋಡದ ಓದುಗರಿಗಾಗಿ ಒಂದೆರಡು ಮಾತು ಹೇಳಿ ಮುಂದುವರಿಯುತ್ತೇನೆ. ಅಮೆರಿಕದ ವಿಜ್‌ಕಿಡ್ಸ್ ಸಂಸ್ಥೆಯು 2000ದಲ್ಲಿ ತಂದ ಮೇಜ್ ನೈಟ್ ಎಂಬ ಆಟದಲ್ಲಿ ಗೊಂಬೆಯ ಪೀಠದೊಳಗೇ ತಿರುಗುವ ಡಯಲ್ ಇತ್ತು. ಅದೇ ಡಯಲನ್ನು 2002ರಲ್ಲಿ ಮಾರ್ವೆಲ್ ಮತ್ತು ಡಿಸಿ ಕಾಮಿಕ್ಸ್‌ನ ಪಾತ್ರಗಳಿಗೆ ಅಳವಡಿಸಿದಾಗ ಹೀರೋಕ್ಲಿಕ್ಸ್ ಹುಟ್ಟಿತು. ಚೌಕಗಳಿರುವ ನಕ್ಷೆಯ ಮೇಲೆ ಎರಡು ತಂಡಗಳ ಗೊಂಬೆಗಳು ಕಾದಾಡುವ ಆಟವಿದು. ಪೀಠದ ಕಿಂಡಿಯಲ್ಲಿ ವೇಗ, ದಾಳಿ, ರಕ್ಷಣೆ, ಹಾನಿ ಎಂಬ ನಾಲ್ಕು ಅಂಕಿಗಳು ಕಾಣುತ್ತವೆ. ಪೆಟ್ಟು ಬಿದ್ದಷ್ಟು ಕ್ಲಿಕ್ ಡಯಲನ್ನು ತಿರುಗಿಸಿದಾಗ ಹಳೆಯ ಅಂಕಿಗಳು ಮರೆಯಾಗಿ ಹೊಸವು ಬರುತ್ತವೆ, ಕಡೆಗೆ ಕೆಓ ಎಂಬ ಅಕ್ಷರಗಳು ಕಂಡಾಗ ಗೊಂಬೆ ಆಟದಿಂದ ಹೊರಬೀಳುತ್ತದೆ.

ಇಷ್ಟೇ ಆಗಿದ್ದರೆ ಯಾರೂ ಗೊಂದಲಕ್ಕೆ ಬೀಳುತ್ತಿರಲಿಲ್ಲ. ಆದರೆ ಅಂಕಿಯ ಹಿಂದೆ ಬಣ್ಣವಿದ್ದರೆ ಅದು ಒಂದು ಶಕ್ತಿಯ ಗುರುತು, ಡಯಲ್ ತಿರುಗಿದಾಗ ಆ ಬಣ್ಣವೂ ಬದಲಾಗಬಹುದು. ನಾಲ್ಕಂಕಿಗೂ ಬಣ್ಣವಿರುವ ಐದು ಗೊಂಬೆಗಳನ್ನು ಹೊಸಬನ ಮುಂದಿಟ್ಟರೆ ಮೊದಲ ಸರದಿಗೇ ಇಪ್ಪತ್ತು ಶಕ್ತಿಗಳನ್ನು ಓದಿಕೊಳ್ಳುವ ಹೊರೆ ಅವನ ಮೇಲೆ ಬೀಳುತ್ತದೆ, ಅದೂ ಎದುರಾಳಿಯ ತಂಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮೊದಲೇ. ಆದ್ದರಿಂದ ಆರಂಭದ ಕ್ಲಿಕ್‌ನಲ್ಲಿ ಒಂದೋ ಎರಡೋ ಬಣ್ಣಗಳಷ್ಟೇ ಇರುವ, ಸುಮಾರು ಐವತ್ತು ಪಾಯಿಂಟ್‌ಗಳ ನಾಲ್ಕು ಗೊಂಬೆಗಳನ್ನು (ಪಾಯಿಂಟ್ ಎಂದರೆ ಗೊಂಬೆಯ ಬಲಕ್ಕೆ ತಕ್ಕಂತೆ ಅದಕ್ಕೆ ಗೊತ್ತುಮಾಡಿದ ಅಂಕ) ಪ್ರತಿ ತಂಡಕ್ಕೂ ಆರಿಸಿ, ಒಟ್ಟು 200 ಪಾಯಿಂಟ್‌ಗಳಲ್ಲಿ ತಂಡವನ್ನು ಮುಗಿಸಿ. ನೂರು ಪಾಯಿಂಟ್‌ಗೆ ಒಂದರಂತೆ ಸರದಿಗೆ ಎರಡು ನಡೆಗಳು, ಅಂದರೆ ಗೊಂಬೆಯನ್ನು ಚಲಿಸುವ ಅಥವಾ ಹೊಡೆಸುವ ಎರಡು ಅವಕಾಶಗಳು ಸಿಗುತ್ತವೆ; ಮೊದಲ ದಿನಕ್ಕೆ ಅದು ಧಾರಾಳವಾಯಿತು.

ಬಣ್ಣಗಳನ್ನು ಆರಿಸುವಾಗ ನಾನು ಪಾಲಿಸುವ ಭೇದ ಒಂದೇ: ಶಕ್ತಿಯು ಗೊಂಬೆಯ ಸ್ವಂತ ಕೆಲಸಕ್ಕೆ ಸೇರಿದ್ದೋ, ಅಥವಾ ಬೇರೆಯವರ ಡಯಲ್‌ಗೂ ದಾಳಕ್ಕೂ ಕೈ ಹಾಕುವಂಥದ್ದೋ? ಅರ್ಧ ವೇಗದಷ್ಟು ಚಲಿಸಿ ದೂರದಿಂದ ಹೊಡೆಯುವ ರನ್ನಿಂಗ್ ಶಾಟ್, ಹಾಗೆಯೇ ಚಲಿಸಿ ಹತ್ತಿರದಿಂದ ಹೊಡೆಯುವ ಚಾರ್ಜ್, ಬಿದ್ದ ಪೆಟ್ಟಿನಲ್ಲಿ ಒಂದನ್ನು ಕಳೆಯುವ ಟಫ್‌ನೆಸ್, ಇವೆಲ್ಲ ಮೊದಲ ಬಗೆಯವು, ಒಮ್ಮೆ ಬಳಸಿದರೆ ಮನಸ್ಸಿನಲ್ಲಿ ಉಳಿಯುತ್ತವೆ. ಎದುರಾಳಿಯ ಶಕ್ತಿಯನ್ನೇ ಅಳಿಸುವ ಔಟ್‌ವಿಟ್, ದಾಳವನ್ನು ಮತ್ತೆ ಎಸೆಯಿಸುವ ಪ್ರಾಬಬಿಲಿಟಿ ಕಂಟ್ರೋಲ್, ಅಂಕಿಗಳನ್ನು ಏರಿಳಿಸುವ ಪರ್ಪ್ಲೆಕ್ಸ್, ಎದುರಾಳಿಯ ಗೊಂಬೆಯನ್ನು ತನ್ನಿಚ್ಛೆಯಂತೆ ನಡೆಸುವ ಮೈಂಡ್ ಕಂಟ್ರೋಲ್ ಎರಡನೆಯ ಬಗೆಯವು. ಅನುಭವಿಗಳು ಇವಿಲ್ಲದೆ ತಂಡ ಕಟ್ಟುವುದಿಲ್ಲ, ಹೊಸಬರಿಗೋ ಇವು ಆಟವನ್ನೇ ಕೆಡಿಸುತ್ತವೆ. ಮೈಂಡ್ ಕಂಟ್ರೋಲ್‌ಗೆ ಸಿಕ್ಕಿ ತನ್ನ ಗೊಂಬೆಯಿಂದ ತಾನೇ ಹೊಡೆಸಿಕೊಂಡ ಹನ್ನೊಂದರ ಹುಡುಗಿಗೆ ನಿಯಮಪುಸ್ತಕ ಎಷ್ಟು ತೋರಿಸಿದರೂ ಸಮಾಧಾನವಾಗದು.

ಇನ್ನು ಅಂಕಿಗಳ ವಿಚಾರ. ಎರಡು ದಾಳಗಳ ಮೊತ್ತಕ್ಕೆ ದಾಳಿಯ ಅಂಕಿಯನ್ನು ಕೂಡಿಸಿದಾಗ ಅದು ಎದುರಾಳಿಯ ರಕ್ಷಣೆಯ ಅಂಕಿಯನ್ನು ಮುಟ್ಟಬೇಕು ಅಥವಾ ಮೀರಬೇಕು. ದಾಳಿ 10, ರಕ್ಷಣೆ 16 ಆಗಿದ್ದರೆ ದಾಳದಲ್ಲಿ ಆರು ಬಂದರೆ ಸಾಕು. 36 ಸಾಧ್ಯತೆಗಳಲ್ಲಿ 26 ನಿಮ್ಮ ಪಾಲಿಗಿವೆ. ದಾಳಿ 9, ರಕ್ಷಣೆ 18 ಆದರೆ ಒಂಬತ್ತು ಬೀಳಬೇಕು, ಆಗ ಅನುಕೂಲದ ಸಾಧ್ಯತೆಗಳು ಹತ್ತೇ. ಎರಡೂ ತಂಡಗಳನ್ನು ಆರು ಅಥವಾ ಏಳರ ಸುತ್ತ ಹೊಂದಿಸಿ. ಪೆಟ್ಟಿನಲ್ಲಿ ಎರಡನ್ನು ಕಳೆಯುವ ಇನ್‌ವಲ್ನರಬಿಲಿಟಿ ಇರುವ ಗೊಂಬೆಯ ಎದುರು ಹಾನಿಯ ಅಂಕಿ ಎರಡೇ ಇರುವ ತಂಡವನ್ನು ನಿಲ್ಲಿಸಬೇಡಿ, ಏಕೆಂದರೆ ಗುರಿ ತಗುಲಿದರೂ ಡಯಲ್ ಅಲುಗದಿದ್ದರೆ ಹೊಸಬನಿಗೆ ತಾನು ಮಾಡಿದ್ದೇನೆಂಬುದೇ ತಿಳಿಯುವುದಿಲ್ಲ.

ಪ್ರಶ್ನೆ: ಒಂದೇ ಬಳಗದ ಪಾತ್ರಗಳನ್ನು ಸೇರಿಸಿದ ತಂಡ ಕಲಿಕೆಗೆ ಒಳ್ಳೆಯದೆಂದು ಹಿಂದೊಮ್ಮೆ ಬರೆದಿದ್ದಿರಿ. ಅದು ಬರೀ ಅಂದಕ್ಕೋ, ಬೇರೆ ಪ್ರಯೋಜನವಿದೆಯೋ?
— ಓದುಗರೊಬ್ಬರು, ಮೈಸೂರು

ಉತ್ತರ: ಪ್ರಯೋಜನವಿದೆ. ಗೊಂಬೆಯ ಕಾರ್ಡಿನ ಮೇಲೆ ಅಚ್ಚಾಗಿರುವ ಕೀವರ್ಡ್‌ಗಳಲ್ಲಿ ಒಂದಾದರೂ ತಂಡದ ಎಲ್ಲರಲ್ಲೂ ಸಮಾನವಾಗಿದ್ದರೆ ಅದು ಥೀಮ್ ತಂಡವೆನಿಸುತ್ತದೆ. ಎಕ್ಸ್-ಮೆನ್, ಅವೆಂಜರ್ಸ್, ಹೈಡ್ರಾ ಮೊದಲಾದವು ಬಳಗದ ಹೆಸರುಗಳು. ಪೊಲೀಸ್, ಸೈನಿಕ, ಪ್ರಾಣಿ, ರೋಬಾಟ್ ಮೊದಲಾದವು ಸಾಮಾನ್ಯ ಕೀವರ್ಡ್‌ಗಳು. ನಿಯಮಪುಸ್ತಕವು ಥೀಮ್ ತಂಡಕ್ಕೆ ಕೆಲವು ಅನುಕೂಲಗಳನ್ನು ಕೊಡುತ್ತದೆ, ಅವನ್ನು ಮೊದಲ ದಿನ ಮರೆತುಬಿಡಿ. ನಿಜವಾದ ಲಾಭ ಬೇರೆಡೆಯಿದೆ. ವುಲ್ವರೀನ್ ಎಂದೊಡನೆ ಸಿನಿಮಾ ನೋಡಿದ ಹುಡುಗನಿಗೆ ಉಗುರುಗಳು ನೆನಪಾಗುತ್ತವೆ, ಸೈಕ್ಲಾಪ್ಸ್ ಎಂದರೆ ಕಣ್ಣಿನ ಕಿರಣ, ಕೊಲಾಸಸ್ ಎಂದರೆ ಉಕ್ಕಿನ ಮೈ. ಒಬ್ಬನು ಹತ್ತಿರ ಹೋಗಿ ಹೊಡೆಯುತ್ತಾನೆ, ಒಬ್ಬನು ದೂರ ನಿಂತು ಹೊಡೆಯುತ್ತಾನೆ, ಮತ್ತೊಬ್ಬನು ಪೆಟ್ಟು ತಿನ್ನುತ್ತಾನೆ ಎಂಬುದನ್ನು ನೀವು ಬಾಯಿಬಿಟ್ಟು ವಿವರಿಸುವ ಮೊದಲೇ ಅವನು ಊಹಿಸಿರುತ್ತಾನೆ, ಕಿಂಡಿಯ ಅಂಕಿಗಳು ಆ ಊಹೆಯನ್ನು ಖಚಿತಪಡಿಸುತ್ತವೆ. ಆಟದ ಅರ್ಧ ಪಾಠವನ್ನು ಕಥೆಯೇ ಮಾಡಿಬಿಡುತ್ತದೆ. ಆದರೆ ಒಂದೇ ಪಾತ್ರಕ್ಕೆ ಹಲವು ಆವೃತ್ತಿಗಳಿವೆ, ಅವುಗಳ ಪಾಯಿಂಟ್‌ಗಳಲ್ಲಿ ಅಜಗಜಾಂತರವಿದೆ. ಹೆಸರು ನೋಡಿ ಎತ್ತಿಕೊಳ್ಳದೆ ಡಯಲನ್ನು ಕಡೆಯವರೆಗೆ ತಿರುಗಿಸಿ ನೋಡಿ.

ಕಾಮಿಕ್ಸ್ ಓದದ, ಸಿನಿಮಾವನ್ನೂ ನೋಡದ ಗೆಳೆಯರಿಗೆ ಬಳಗದ ಹೆಸರುಗಳಿಂದ ಏನೂ ಸಿಗದು. ಅವರಿಗೆ ಪೊಲೀಸರು ಮತ್ತು ರೋಬಾಟ್‌ಗಳು, ಅಥವಾ ಸೈನಿಕರು ಮತ್ತು ಪ್ರಾಣಿಗಳು ಎಂಬಂಥ ಜೋಡಿ ಕಟ್ಟಿಕೊಡಿ. ಮೊದಲ ಜೋಡಿಯಲ್ಲಿ ಒಂದು ತಂಡ ಗುಂಡು ಹಾರಿಸುವುದಾಗಿಯೂ ಇನ್ನೊಂದು ಮೈಮೇಲೆ ಬೀಳುವುದಾಗಿಯೂ ಇರಲಿ, ಗುರಿರೇಖೆ (ಹೊಡೆಯುವವನಿಂದ ಗುರಿಯವರೆಗಿನ ನೇರ ಗೆರೆ) ಎಂದರೇನು, ಗೋಡೆಯ ಮರೆಗೆ ಏಕೆ ಹೋಗಬೇಕು ಎಂಬುದು ಆಡುತ್ತಲೇ ತಿಳಿಯುತ್ತದೆ. ಬ್ಯಾಟ್‌ಮ್ಯಾನ್ ಬಳಗ ಎರಡನೆಯ ದಿನಕ್ಕೆ ಚೆನ್ನ. ಸ್ಟೆಲ್ತ್ ಇರುವ ಗೊಂಬೆ ಪೊದೆಯಂಥ ಅಡ್ಡಿಯಿರುವ ಚೌಕದಲ್ಲಿ ನಿಂತರೆ ದೂರದವರ ಗುರಿರೇಖೆ ಅದಕ್ಕೆ ತಾಗುವುದಿಲ್ಲವೆಂಬ ನಿಯಮ, ನಕ್ಷೆಯ ಬಣ್ಣದ ಗೆರೆಗಳಿಗೆ ಕಣ್ಣು ಪಳಗಿದ ಮೇಲೆಯೇ ರುಚಿಸುವಂಥದ್ದು. ಕಲಿಸುವವರು ಖಳರ ತಂಡವನ್ನೇ ಹಿಡಿಯಬೇಕೆಂಬುದು ನನ್ನ ಅಭಿಪ್ರಾಯ. ಸೋತರೂ ಕಥೆಗೆ ಒಪ್ಪುತ್ತದೆ.

ಪ್ರಶ್ನೆ: ನನ್ನ ಮಗ ತನಗಿಷ್ಟವಾದ ಒಂದೇ ಗೊಂಬೆಯನ್ನು ಪ್ರತಿ ಸರದಿಯಲ್ಲೂ ಓಡಿಸಲು ನೋಡುತ್ತಾನೆ. ಟೋಕನ್ ನಿಯಮ ಅವನ ತಲೆಗೆ ಹತ್ತುತ್ತಿಲ್ಲ.
— ಓದುಗರೊಬ್ಬರು, ಧಾರವಾಡ

ಉತ್ತರ: ಆ ನಿಯಮವನ್ನು ಮಾತಿನಲ್ಲಿ ಹೇಳುವ ಬದಲು ತಂಡದ ಗಾತ್ರದಿಂದ ಕಲಿಸಿ. ನಡೆ ಪಡೆದ ಗೊಂಬೆಗೆ ಒಂದು ಟೋಕನ್ ಬೀಳುತ್ತದೆ. ಮರು ಸರದಿಯಲ್ಲೂ ಅದನ್ನೇ ನಡೆಸಿದರೆ ಎರಡನೆಯ ಟೋಕನ್ ಬಿದ್ದು, ಪುಶ್ ಆದ ತಪ್ಪಿಗೆ ಡಯಲ್ ಒಂದು ಕ್ಲಿಕ್ ಇಳಿಯುತ್ತದೆ, ಅದರ ಮುಂದಿನ ಸರದಿಯಲ್ಲಿ ವಿಶ್ರಾಂತಿ ಕಡ್ಡಾಯ. ನಾಲ್ಕು ಗೊಂಬೆ, ಎರಡು ನಡೆ ಇರುವ ತಂಡದಲ್ಲಿ ಇಬ್ಬಿಬ್ಬರನ್ನು ಸರದಿಯಂತೆ ನಡೆಸಿದರೆ ಯಾರಿಗೂ ಪೆಟ್ಟಿಲ್ಲ, ಯಾವ ನಡೆಯೂ ವ್ಯರ್ಥವಾಗುವುದಿಲ್ಲ. ಈ ಲಯ ಅವನಿಗೆ ಅಭ್ಯಾಸವಾದ ಮೇಲೆ ಅದೇ 200 ಪಾಯಿಂಟ್‌ಗಳಿಗೆ ಮೂರೇ ಗೊಂಬೆಗಳ ತಂಡ ಕೊಡಿ. ಆಗ ಒಂದು ನಡೆಯನ್ನು ಬಿಟ್ಟುಕೊಡಬೇಕು, ಇಲ್ಲವೇ ಯಾರನ್ನಾದರೂ ಪುಶ್ ಮಾಡಬೇಕು. ಆ ಇಕ್ಕಟ್ಟಿನಲ್ಲಿ ಅವನು ಯೋಚಿಸಲು ಕೂತನೆಂದರೆ ಆಟ ಕೈಗೆ ಬಂತೆಂದೇ ಲೆಕ್ಕ. ಪೆಟ್ಟಿಲ್ಲದೆ ಪುಶ್ ಮಾಡಲು ಬಿಡುವ ವಿಲ್‌ಪವರ್ ಶಕ್ತಿಯನ್ನು ಅಲ್ಲಿಯವರೆಗೆ ದೂರವಿಡಿ. ಅನಂತರ ಪೆಟ್ಟು ತಿಂದಷ್ಟೂ ರೊಚ್ಚಿಗೇಳುವ ಹಲ್ಕ್‌ನ ಡಯಲ್ ಒಂದನ್ನು ಅವನ ಕೈಗೆ ಕೊಟ್ಟು ನೋಡಿ, ಬೇಕೆಂದೇ ಪುಶ್ ಮಾಡುವ ಜಾಣತನ ಅವನಿಗೇ ಹೊಳೆಯುತ್ತದೆ.

ಪ್ರಶ್ನೆ: ಕಲಿಸುವ ತಂಡಕ್ಕಾಗಿ ಹೊಸ ಗೊಂಬೆಗಳನ್ನು ಕೊಳ್ಳಬೇಕೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬೂಸ್ಟರ್ ಡಬ್ಬಿಯೊಳಗೆ ಯಾವ ಗೊಂಬೆಯಿದೆಯೆಂಬುದು ತೆರೆಯುವವರೆಗೆ ತಿಳಿಯದು, ಆದ್ದರಿಂದ ಥೀಮ್ ತಂಡ ಕಟ್ಟಲು ಅದು ದುಬಾರಿಯ ದಾರಿ. ಬಿಡಿಯಾಗಿ ಸಿಗುವ ಕಾಮನ್ ದರ್ಜೆಯ ಗೊಂಬೆಗಳು ಸಾಮಾನ್ಯವಾಗಿ ಅಗ್ಗ, ಅವುಗಳ ಡಯಲ್‌ಗಳೂ ಬಹುಪಾಲು ಸರಳ. ಹಳೆಯ ಸಂಗ್ರಹವಿದ್ದರೆ ಅದೇ ಸಾಕು. 2003ರಲ್ಲಿ ಟಾಪ್ಸ್ ಸಂಸ್ಥೆಯ ಕೈಸೇರಿದ ವಿಜ್‌ಕಿಡ್ಸ್ 2008ರಲ್ಲಿ ಮುಚ್ಚಿ, ಮರುವರ್ಷ ನೆಕಾ ಸಂಸ್ಥೆಯ ಆಶ್ರಯದಲ್ಲಿ ಮತ್ತೆ ತೆರೆಯಿತು, ನಿಯಮಗಳೂ ಹಲವು ಬಾರಿ ತಿದ್ದುಪಡಿಗೊಂಡವು. ಆದರೂ ಅಂದಿನ ಗೊಂಬೆಗಳು ಮನೆಯಾಟಕ್ಕೆ ಇಂದಿಗೂ ಸಲ್ಲುತ್ತವೆ. ಯಾವುದಾದರೂ ಒಂದೇ ಆವೃತ್ತಿಯ ನಿಯಮಪುಸ್ತಕವನ್ನು ಹಿಡಿದುಕೊಳ್ಳಿ. ಎಲ್ಲ ಶಕ್ತಿಗಳನ್ನೂ ಕಿಕ್ಕಿರಿಸಿದ ಅಚ್ಚಿನ ಕಾರ್ಡನ್ನು ಪಕ್ಕಕ್ಕಿಟ್ಟು, ಪ್ರತಿ ತಂಡಕ್ಕೂ ಅದರಲ್ಲಿರುವ ನಾಲ್ಕೈದು ಶಕ್ತಿಗಳನ್ನಷ್ಟೇ ಬಣ್ಣ ಹಚ್ಚಿದ ಚೌಕದ ಮುಂದೆ ಕನ್ನಡದಲ್ಲಿ ಒಂದೊಂದು ವಾಕ್ಯವಾಗಿ ಅರ್ಧ ಹಾಳೆಯಲ್ಲಿ ಬರೆಯಿರಿ, ಆ ಹಾಳೆಯನ್ನು ತಂಡದ ಜೊತೆಗೇ ಒಂದು ಡಬ್ಬಿಯಲ್ಲಿಡಿ. ವುಲ್ವರೀನ್‌ನ ಉಗುರು ಬಾಗಿದ್ದರೆ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಕೈಯಿಂದ ಮೆಲ್ಲಗೆ ನೆಟ್ಟಗೆ ಮಾಡಿ ತಣ್ಣೀರಿಗೆ ಹಿಡಿಯಿರಿ. ಪೀಠಕ್ಕೆ ಮಾತ್ರ ನೀರು ತಾಗಿಸಬೇಡಿ.